ಅರವತ್ತು ಯೂರೋ ಚೀಟಿ ಮತ್ತು ಕೆಲಸದ ಹಿನ್ನೆಲೆ ಪರಿಶೀಲನೆ

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊರಿನಿಂದ ಬರುತ್ತಿದ್ದ ತಾಯಿಯನ್ನು ಕರೆತರಲು ನೀವು ಬರ್ಲಿನ್ನಿನ ಎಸ್-ಬಾನ್ ಎಂಬ ನಗರ ರೈಲು ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದಿರಿ. ಕೈಯಲ್ಲಿದ್ದದ್ದು ಎ ಮತ್ತು ಬಿ ವಲಯಗಳ ಟಿಕೆಟ್. ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಮಾಮೂಲಿ ಬಟ್ಟೆಯಲ್ಲಿದ್ದ ಇಬ್ಬರು ತಪಾಸಕರು ಟಿಕೆಟ್ ನೋಡಿ, ಪಾಸ್‌ಪೋರ್ಟಿನಿಂದ ಹೆಸರು, ವಿಳಾಸ ಬರೆದುಕೊಂಡು, 60 ಯೂರೋ ಕಟ್ಟಬೇಕೆಂಬ ಚೀಟಿ ಕೊಟ್ಟು ಇಳಿದುಹೋದರು. ಅದೇ ವಾರ ಒಂದು ಬ್ಯಾಂಕಿನ ತಂತ್ರಾಂಶ ವಿಭಾಗದಿಂದ ನಿಮಗೆ ಕೆಲಸದ ಪತ್ರ ಬಂದಿದೆ. ಜೊತೆಗೆ ಬಂದ ಹಿನ್ನೆಲೆ ಪರಿಶೀಲನೆಯ ನಮೂನೆಯಲ್ಲಿ, ಅಪರಾಧಕ್ಕಾಗಿ ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ, ಯಾವುದಾದರೂ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ ಎಂದು ಕೇಳಿದ್ದಾರೆ. ಒಬ್ಬ ಸ್ನೇಹಿತರು ಎಲ್ಲವನ್ನೂ ವಿವರವಾಗಿ ಬರೆದು ಕ್ಷಮೆ ಕೇಳಿ ಎಂದರೆ, ಇನ್ನೊಬ್ಬರು ಬಾಯಿ ಬಿಡಬೇಡಿ ಎಂದಿದ್ದಾರೆ. ಮೂರನೆಯವರು, ದುಡ್ಡು ಕಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಆದ್ದರಿಂದ ಕಟ್ಟಲೇಬೇಡಿ ಎಂದು ಹೇಳಿದ್ದಾರೆ. ಮೂವರಲ್ಲಿ ಅತ್ಯಂತ ಅಪಾಯದ ಸಲಹೆ ಮೂರನೆಯದು.

ಮೊದಲು ನೇರವಾದ ಉತ್ತರ. ಇದೇ ಮೊದಲ ಸಲ ಸಿಕ್ಕಿಬಿದ್ದದ್ದು ಎಂದು ನೀವು ಬರೆದಿರುವುದರಿಂದ, ಎರಡೂ ಪ್ರಶ್ನೆಗಳಿಗೆ "ಇಲ್ಲ" ಎಂದು ಬರೆಯಿರಿ, ಅದು ಸುಳ್ಳಾಗುವುದಿಲ್ಲ. ಆ 60 ಯೂರೋಗಳನ್ನು ಗಡುವಿನೊಳಗೆ ಕಟ್ಟಿದರೆ ಬ್ಯಾಂಕಿಗಾಗಲಿ, ಅದು ನೇಮಿಸಿದ ಪರಿಶೀಲನಾ ಸಂಸ್ಥೆಗಾಗಲಿ ಈ ಚೀಟಿಯ ಸುಳಿವು ಸಿಗುವ ದಾರಿಯೇ ಇಲ್ಲ. ಏಕೆ ಇಲ್ಲ, ಯಾವ ಹಂತದಲ್ಲಿ ಆ ದಾರಿ ತೆರೆದುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ವಕೀಲನಲ್ಲ, 2011ರಿಂದ ಈ ಊರಿನಲ್ಲಿದ್ದು, ಇಂಥ ಚೀಟಿಯನ್ನು ಸ್ವತಃ ಪಡೆದವನು, ಆಮೇಲೆ ಹಲವರಿಗೆ ಅವರವರ ಚೀಟಿಯನ್ನು ಓದಿ ಹೇಳಿದವನು.

ನಮ್ಮ ಗಾಬರಿಯ ಅರ್ಧ ಭಾಗ ಹುಟ್ಟುವುದು "ದಂಡ" ಎಂಬ ಪದದಿಂದ. ಗ್ರಂಥಾಲಯದ ಪುಸ್ತಕವನ್ನು ತಡವಾಗಿ ಹಿಂತಿರುಗಿಸಿದರೂ ದಂಡ, ಹೆಲ್ಮೆಟ್ ಹಾಕದಿದ್ದರೂ ದಂಡ, ನ್ಯಾಯಾಧೀಶರು ತೀರ್ಪಿನಲ್ಲಿ ವಿಧಿಸಿದರೂ ದಂಡ. ಜರ್ಮನ್ನರು ಇವುಗಳನ್ನು ಒಂದೇ ಚೀಲಕ್ಕೆ ತುಂಬುವುದಿಲ್ಲ. ನ್ಯಾಯಾಲಯ ವಿಧಿಸುವುದು ಗೆಲ್ಟ್‌ಶ್ಟ್ರಾಫೆ, ಅಂದರೆ ಶಿಕ್ಷೆಯ ರೂಪದ ಹಣ. ತಪ್ಪಾಗಿ ವಾಹನ ನಿಲ್ಲಿಸಿದ್ದಕ್ಕೆ, ವೇಗ ಮೀರಿದ್ದಕ್ಕೆ ಆಡಳಿತ ಕಚೇರಿ ವಸೂಲಿ ಮಾಡುವುದು ಬುಸ್‌ಗೆಲ್ಟ್. ನಿಮ್ಮ ಚೀಟಿಯ ನೆತ್ತಿಯ ಮೇಲಿರುವ ಉದ್ದನೆಯ ಪದವನ್ನು ಇನ್ನೊಮ್ಮೆ ನೋಡಿ: ಎರ್‌ಹ್ಯೋಟೆಸ್ ಬೆಫ್ಯೋರ್ಡರುಂಗ್ಸ್‌ಎಂಟ್‌ಗೆಲ್ಟ್. ಬಿಡಿಸಿ ಹೇಳಿದರೆ "ಹೆಚ್ಚಿಸಿದ ಪ್ರಯಾಣ ದರ". ಅದರಲ್ಲಿ ಶಿಕ್ಷೆ ಎಂಬ ಪದವೂ ಇಲ್ಲ, ಶಿಕ್ಷೆ ಎಂಬ ಅರ್ಥವೂ ಇಲ್ಲ. ರೈಲು ಹತ್ತಿದ ಕೂಡಲೇ ನೀವು ಸಾರಿಗೆ ಸಂಸ್ಥೆಯೊಡನೆ ಒಂದು ಒಪ್ಪಂದ ಮಾಡಿಕೊಂಡಂತಾಯಿತು; ಸರಿಯಾದ ಟಿಕೆಟ್ ಇಲ್ಲದಿದ್ದರೆ ದುಬಾರಿ ದರ ಕೊಡಬೇಕೆಂಬುದು ಆ ಒಪ್ಪಂದದ ಒಂದು ನಿಬಂಧನೆ. 2015ರವರೆಗೆ ಆ ದರ 40 ಯೂರೋ ಇತ್ತು, ಆ ವರ್ಷ 60ಕ್ಕೆ ಏರಿತು. ಒಟ್ಟಿನಲ್ಲಿ ನಿಮಗೆ ಬಂದಿರುವುದು ಒಂದು ಬಿಲ್ಲು. ಕಟ್ಟಿದರೆ ಬಿಲ್ಲು ಮುಗಿಯಿತು.

ಊರಿನ ಉದಾಹರಣೆ ಬೇಕೆಂದರೆ ನಮ್ಮ 1989ರ ರೈಲ್ವೆ ಕಾಯ್ದೆಯಲ್ಲಿಯೂ ಇಂಥದೇ ಒಂದು ಗೆರೆ ಇದೆ. ಟಿಕೆಟ್ ಇಲ್ಲದವರಿಂದ ಹೆಚ್ಚುವರಿ ಹಣ ವಸೂಲಿ ಮಾಡುವ ಮಾತು 138ನೇ ಕಲಮಿನಲ್ಲಿದೆ. ಮೋಸ ಮಾಡುವ ಉದ್ದೇಶದಿಂದ ಟಿಕೆಟಿಲ್ಲದೆ ಪ್ರಯಾಣಿಸುವವರಿಗೆ ಜೈಲಿನವರೆಗೆ ಹೋಗುವ ಶಿಕ್ಷೆ 137ನೇ ಕಲಮಿನಲ್ಲಿದೆ. ಟಿಟಿಇ ಬಳಿ ಹಣ ಕಟ್ಟಿ ರಸೀದಿ ಪಡೆದವರನ್ನು ನಾವು ಯಾರೂ ಅಪರಾಧಿ ಎಂದುಕೊಳ್ಳುವುದಿಲ್ಲ.

ಇಲ್ಲಿಯೂ ಆ ಇನ್ನೊಂದು ದಾರಿ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಜರ್ಮನಿಯ ದಂಡ ಸಂಹಿತೆಯ 265ಎ ಕಲಮಿನ ಪ್ರಕಾರ, ಹಣ ಕೊಡಬಾರದೆಂಬ ಉದ್ದೇಶದಿಂದಲೇ ಸಾರಿಗೆಯನ್ನು ಬಳಸುವುದು ಅಪರಾಧ. ಗರಿಷ್ಠ ಶಿಕ್ಷೆ ಒಂದು ವರ್ಷದ ಜೈಲು ಅಥವಾ ದಂಡ. ಆದರೆ ಇದಕ್ಕೆ ಎರಡು ಸಂಗತಿಗಳು ಕೂಡಿಬರಬೇಕು. ಒಂದು, ಉದ್ದೇಶ: ವಲಯ ತಿಳಿಯದೆ ತಪ್ಪು ಟಿಕೆಟ್ ಕೊಂಡವರಲ್ಲಿ ಅದನ್ನು ಕಾಣುವುದು ಕಷ್ಟ. ಇನ್ನೊಂದು, ಇಷ್ಟು ಸಣ್ಣ ಮೊತ್ತದ ಪ್ರಕರಣದಲ್ಲಿ ಸಾಮಾನ್ಯವಾಗಿ ಸಾರಿಗೆ ಸಂಸ್ಥೆಯೇ ದೂರು ಕೊಡಬೇಕು. ಸಂಸ್ಥೆಗಳು ಮೊದಲ ಸಲ ಸಿಕ್ಕವರ ಮೇಲೆ ಸಾಮಾನ್ಯವಾಗಿ ದೂರು ಕೊಡುವುದಿಲ್ಲ. ಸ್ವಲ್ಪ ಕಾಲದೊಳಗೆ ಮತ್ತೆ ಮತ್ತೆ ಸಿಕ್ಕವರ ಹೆಸರನ್ನು ಕಳುಹಿಸುತ್ತವೆ. ಅವರು ನಿಮ್ಮ ಹೆಸರನ್ನು ಬರೆದುಕೊಂಡದ್ದು ಆ ಲೆಕ್ಕಕ್ಕೆ. ಹಾಗಾಗಿ ಈ ಚೀಟಿ ಹೊರಗಿನವರಿಗೆ ಕಾಣದಿದ್ದರೂ, ಸಾರಿಗೆ ಸಂಸ್ಥೆಯ ಪುಸ್ತಕದಲ್ಲಿ ಕೆಲವು ಕಾಲ ಇರುತ್ತದೆ ಎಂಬ ಎಚ್ಚರ ಇರಲಿ.

ಒಂದು ಜಾತಿಯ ತಪ್ಪನ್ನು ಮಾತ್ರ ಇದರಿಂದ ಬೇರೆ ಇಡಬೇಕು. ಟಿಕೆಟಿನ ದಿನಾಂಕ ತಿದ್ದುವುದು, ಸ್ನೇಹಿತರ ಡಾಯ್ಚ್‌ಲಾಂಡ್ ಟಿಕೆಟಿನ, ಅಂದರೆ ದೇಶದ ಸ್ಥಳೀಯ ಸಾರಿಗೆಗೆಲ್ಲ ನಡೆಯುವ ತಿಂಗಳ ಪಾಸಿನ, ಸ್ಕ್ರೀನ್‌ಶಾಟ್ ತೋರಿಸುವುದು, ತಪಾಸಕರಿಗೆ ಬೇರೆಯವರ ಹೆಸರು ಹೇಳುವುದು, ಇವು "ಹೆಚ್ಚಿಸಿದ ದರ"ದಲ್ಲಿ ಮುಗಿಯುವುದಿಲ್ಲ. ಆ ಟಿಕೆಟ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ. ವಂಚನೆ, ಖೋಟಾ ದಾಖಲೆ ಎಂಬ ಆರೋಪಗಳು ಮೊದಲ ಸಲವೇ ಬರಬಹುದು. ಕೆಲಸ ಕೊಡುವ ಬ್ಯಾಂಕಿನ ಕಣ್ಣಿನಲ್ಲಿ ಟಿಕೆಟಿಲ್ಲದ ಪ್ರಯಾಣಕ್ಕಿಂತ ಈ ಪದಗಳು ಎಷ್ಟೋ ಪಾಲು ಭಾರವಾದವು. ನೀವು ಇದಾವುದನ್ನೂ ಮಾಡಿಲ್ಲ. ಆದರೂ ಅದೇ ಸ್ನೇಹಿತರ ಗುಂಪಿನಲ್ಲಿ ಒಂದು ಟಿಕೆಟನ್ನು ಇಬ್ಬರು ಬಳಸುವ ಪರಿಪಾಠ ಇದ್ದರೆ ದಯವಿಟ್ಟು ಅದರಿಂದ ದೂರವಿರಿ.

ಈಗ ಪರಿಶೀಲನೆಯ ವಿಷಯಕ್ಕೆ ಬರೋಣ. ಪರಿಶೀಲನಾ ಸಂಸ್ಥೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಪೊಲೀಸ್ ಠಾಣೆಯ ಕಡತಗಳನ್ನೆಲ್ಲ ತಿರುವಿಹಾಕುವ ಗುಮಾಸ್ತ. ಇಲ್ಲಿ ಹಾಗಿಲ್ಲ. ಖಾಸಗಿ ಕಂಪನಿಗೆ ಪೊಲೀಸರ ಅಥವಾ ನ್ಯಾಯಾಲಯದ ದಾಖಲೆಗಳನ್ನು ನೋಡುವ ಅಧಿಕಾರವೇ ಇಲ್ಲ. ಅದು ನಿಮ್ಮ ಪದವಿ ನಿಜವೇ ಎಂದು ವಿಶ್ವವಿದ್ಯಾಲಯವನ್ನು ಕೇಳುತ್ತದೆ, ಹಿಂದಿನ ಕೆಲಸದ ದಿನಾಂಕಗಳನ್ನು ಹೊಂದಿಸಿ ನೋಡುತ್ತದೆ, ಮತ್ತು ಬ್ಯಾಂಕಿನಂಥ ಕಡೆ ಒಂದು ಕಾಗದವನ್ನು ನೀವೇ ತಂದುಕೊಡಿ ಎನ್ನುತ್ತದೆ. ಆ ಕಾಗದದ ಹೆಸರು ಫ್ಯೂರುಂಗ್ಸ್‌ತ್ಸೋಯ್ಗ್ನಿಸ್, ಅಂದರೆ ನಡತೆ ಪ್ರಮಾಣಪತ್ರ. ನಿಮ್ಮ ಬಡಾವಣೆಯ ಬ್ಯುರ್ಗರ್‌ಆಮ್ಟ್‌ಗೆ, ಅಂದರೆ ನಾಗರಿಕ ಸೇವಾ ಕಚೇರಿಗೆ, ಪಾಸ್‌ಪೋರ್ಟ್ ಹಿಡಿದು ಹೋಗಿ 13 ಯೂರೋ ಕಟ್ಟಿದರೆ ಅರ್ಜಿ ಬಾನ್ ನಗರದಲ್ಲಿರುವ ಕೇಂದ್ರ ನ್ಯಾಯ ಕಚೇರಿಗೆ ಹೋಗುತ್ತದೆ. ವಾಸದ ಪರವಾನಗಿ ಕಾರ್ಡಿನಲ್ಲಿ ಆನ್‌ಲೈನ್ ಸೌಲಭ್ಯ ತೆರೆದುಕೊಂಡಿದ್ದರೆ ಮನೆಯಿಂದಲೇ ಅರ್ಜಿ ಹಾಕಬಹುದು. ಖಾಸಗಿ ಕೆಲಸಕ್ಕಾದರೆ ಅದು ಅಂಚೆಯಲ್ಲಿ ಬರುವುದು ನಿಮ್ಮ ಮನೆಗೇ. ನೀವು ಓದಿದ ಮೇಲೆಯೇ ಅದು ಕಂಪನಿಯ ಕೈ ಸೇರುತ್ತದೆ, ಆದ್ದರಿಂದ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂಬ ಭಯಕ್ಕೆ ಅವಕಾಶವಿಲ್ಲ. ನನ್ನದರಲ್ಲಿ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದೂರು ಇವುಗಳ ಕೆಳಗೆ ಇದ್ದದ್ದು ಒಂದೇ ಸಾಲು: "ಇನ್‌ಹಾಲ್ಟ್: ಕೈನೆ ಐನ್‌ಟ್ರಾಗುಂಗ್", ಅಂದರೆ ನಮೂದು ಏನೂ ಇಲ್ಲ. ಅಷ್ಟು ದಿನ ನಿದ್ದೆಗೆಟ್ಟದ್ದು ಈ ಎರಡು ಪದಗಳಿಗಾಗಿಯೇ ಎಂದು ನಗು ಬಂದಿತ್ತು.

ಈ ಕಾಗದದಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಕಾನೂನಿನಲ್ಲಿ ನಿಗದಿಯಾಗಿದೆ. ಗುಮಾಸ್ತರ ಇಷ್ಟಕ್ಕೆ ಬಿಟ್ಟದ್ದಲ್ಲ. ನಿಮ್ಮಂಥ ಸಾರಿಗೆ ಬಿಲ್ಲು ಕೇಂದ್ರ ಅಪರಾಧ ನೋಂದಣಿ ಪುಸ್ತಕವನ್ನೇ ಸೇರುವುದಿಲ್ಲ. ವಾಹನ ನಿಲುಗಡೆಯ ಬುಸ್‌ಗೆಲ್ಟ್ ಕೂಡ ಸೇರುವುದಿಲ್ಲ. ಪೊಲೀಸರು ವಿಚಾರಣೆ ಆರಂಭಿಸಿ, ಸರ್ಕಾರಿ ವಕೀಲರು ಸಣ್ಣ ವಿಷಯವೆಂದು ಕೈಬಿಟ್ಟ ಪ್ರಕರಣಗಳೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ನ್ಯಾಯಾಲಯ ಶಿಕ್ಷೆ ವಿಧಿಸಿದ ಪ್ರಕರಣ. ಅದರಲ್ಲಿಯೂ 90 ದಿನಗಳವರೆಗಿನ ದಂಡ, ಪುಸ್ತಕದಲ್ಲಿ ಬೇರೆ ಶಿಕ್ಷೆ ಇಲ್ಲದಿದ್ದರೆ, ಖಾಸಗಿ ಉದ್ಯೋಗದಾತರಿಗೆ ತೋರಿಸುವ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ.

"ದಿನ" ಎಂದರೇನು ಎಂದು ಕೇಳುವಿರಿ. ಇಲ್ಲಿಯ ನ್ಯಾಯಾಲಯ ದಂಡವನ್ನು ಟಾಗೆಸ್‌ಜಾಟ್ಸ್ ಎಂಬ ದಿನದ ಲೆಕ್ಕದಲ್ಲಿ ಹೇಳುತ್ತದೆ. ಒಂದು ದಿನದ ಬೆಲೆ ಸಾಮಾನ್ಯವಾಗಿ ನಿಮ್ಮ ತಿಂಗಳ ಕೈಗೆ ಬರುವ ಸಂಬಳದ ಮೂವತ್ತರಲ್ಲಿ ಒಂದು ಪಾಲು. ಕೈಗೆ 2,400 ಯೂರೋ ಬರುವವರಿಗೆ ಒಂದು ದಿನ ಎಂದರೆ 80 ಯೂರೋ. ಪದೇ ಪದೇ ಟಿಕೆಟಿಲ್ಲದೆ ಸಿಕ್ಕವರಿಗೆ ನ್ಯಾಯಾಲಯ 20 ದಿನ ಎಂದರೆ 1,600 ಯೂರೋ ಆಯಿತು. ದುಡ್ಡಿನ ಹೊಡೆತ ದೊಡ್ಡದು. ಆದರೂ 20 ದಿನ 90ಕ್ಕಿಂತ ಎಷ್ಟೋ ಕೆಳಗಿರುವುದರಿಂದ ಪ್ರಮಾಣಪತ್ರ ಬಿಳಿಯಾಗಿಯೇ ಉಳಿಯುತ್ತದೆ. ಇನ್ನೂ ಒಂದು ಮಾತಿದೆ: ಪ್ರಮಾಣಪತ್ರದಲ್ಲಿ ಬರಬಾರದ ಶಿಕ್ಷೆಯನ್ನು ಪಡೆದವರು ತಮ್ಮನ್ನು ಶಿಕ್ಷೆಯಾಗದವರೆಂದು ಹೇಳಿಕೊಳ್ಳಬಹುದು ಎಂದು ಕೇಂದ್ರ ನೋಂದಣಿ ಕಾಯ್ದೆಯ 53ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಎರಡನೆಯ ಶಿಕ್ಷೆ ಬಂತೆಂದರೆ ಸಣ್ಣವೆಂದು ಮರೆಯಲ್ಲಿದ್ದವೂ ಹೊರಗೆ ಬರುತ್ತವೆ. ಮೊದಲನೆಯದನ್ನು ಹಗುರವಾಗಿ ಕಂಡವರು ಎಡವುವುದು ಇಲ್ಲಿಯೇ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಸಂದರ್ಶನದಲ್ಲಿ ಉದ್ಯೋಗದಾತರು ಮನಸ್ಸಿಗೆ ಬಂದದ್ದನ್ನೆಲ್ಲ ಕೇಳುವಂತಿಲ್ಲ. ಆ ಕೆಲಸಕ್ಕೆ ಸಂಬಂಧಪಟ್ಟ ಅಪರಾಧಗಳ ಬಗ್ಗೆ ಮಾತ್ರ ಕೇಳಬಹುದೆಂದು ಇಲ್ಲಿಯ ಕಾರ್ಮಿಕ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಆದ್ದರಿಂದ ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ ಕೊಡಿ. "ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ" ಎಂಬುದಕ್ಕೆ ಎಸ್-ಬಾನಿನ ಕತೆಯನ್ನು ಅರ್ಧ ಪುಟ ಬರೆದು ಕಳುಹಿಸಿದರೆ, ಓದುವವರಿಗೆ ಇದರಲ್ಲಿ ಏನೋ ದೊಡ್ಡದೇ ಇರಬೇಕೆಂಬ ಅನುಮಾನ ಬರುತ್ತದೆ. ನಮೂನೆ ಮೇಲಧಿಕಾರಿಯ ಮೇಜಿಗೆ ಹೋಗಿ ಎರಡು ವಾರ ಅಲ್ಲಿಯೇ ಕೂರುತ್ತದೆ. ಹಿರಿಯರ ಮುಂದೆ ತಪ್ಪೊಪ್ಪಿಕೊಂಡು ಹಗುರಾಗುವುದು ನಮ್ಮ ಮನೆಗಳ ಅಭ್ಯಾಸ. ನಮೂನೆ ಹಿರಿಯರಲ್ಲ. ಆದರೆ ಮುಂದೆ ಎಂದಾದರೂ ಬೇರೆ ನಮೂನೆಯಲ್ಲಿ ಪ್ರಶ್ನೆಯ ವ್ಯಾಪ್ತಿ ದೊಡ್ಡದಿದ್ದರೆ, ಅದರ ಒಂದೊಂದು ಪದವನ್ನೂ ಓದಿಯೇ ಉತ್ತರಿಸಬೇಕು. ಇಂದು ಬರೆದ "ಇಲ್ಲ" ಎಲ್ಲ ಪ್ರಶ್ನೆಗಳಿಗೂ ಹೊಂದುವುದಿಲ್ಲ.

ಕೆಲವು ಕಡೆ ಈ ಪ್ರಮಾಣಪತ್ರದ ಆಚೆಗೂ ನೋಡುತ್ತಾರೆ ಎಂಬುದೂ ತಿಳಿದಿರಲಿ. ವಿಮಾನ ನಿಲ್ದಾಣದ ಒಳ ಆವರಣದ ಕೆಲಸಗಳಿಗೆ ಸರ್ಕಾರಿ ಕಚೇರಿಯೇ ವಿಶ್ವಾಸಾರ್ಹತೆಯ ತನಿಖೆ ನಡೆಸುತ್ತದೆ, ಪೊಲೀಸರನ್ನೂ ಕೇಳುತ್ತದೆ. ವಿದೇಶಿಯರ ಕಚೇರಿಗೂ ಪೌರತ್ವ ಕಚೇರಿಗೂ ನೋಂದಣಿ ಪುಸ್ತಕದ ಪೂರ್ತಿ ಪುಟ ಕಾಣುತ್ತದೆ, ಪ್ರಮಾಣಪತ್ರದಲ್ಲಿ ಬಾರದ ಸಣ್ಣ ಶಿಕ್ಷೆಯೂ ಸೇರಿದಂತೆ. ಪೌರತ್ವದ ವಿಷಯದಲ್ಲಿ 90 ದಿನಗಳವರೆಗಿನ ದಂಡವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದ್ವೇಷದ ಉದ್ದೇಶದ ಅಪರಾಧಗಳಿಗೆ ಆ ರಿಯಾಯಿತಿ ಇಲ್ಲ. ಆದರೆ ವಿಚಾರಣೆಯೊಂದು ಬಾಕಿ ಇದ್ದರೆ ಅದು ಮುಗಿಯುವವರೆಗೆ ಅರ್ಜಿ ಮುಂದೆ ಸರಿಯುವುದಿಲ್ಲ. ನಿಮ್ಮ ಬಿಲ್ಲು ಈ ಯಾವ ಕಚೇರಿಯ ಪುಸ್ತಕದಲ್ಲಿಯೂ ಇಲ್ಲ. ಮುಂದೆ ಕೆನಡಾದಂಥ ದೇಶಕ್ಕೆ ವಲಸೆ ಹೋಗುವ ಯೋಚನೆ ಬಂದರೂ ಅವರು ಕೇಳುವ ಜರ್ಮನಿಯ ಪೊಲೀಸ್ ಪ್ರಮಾಣಪತ್ರ ಇದೇ ಫ್ಯೂರುಂಗ್ಸ್‌ತ್ಸೋಯ್ಗ್ನಿಸ್.

ಹಾಗಾದರೆ 60 ಯೂರೋ ಚೀಟಿ ಯಾರನ್ನೂ ಕಾಡಿಲ್ಲವೇ? ಕಾಡಿದೆ, ನನ್ನನ್ನೇ ಕಾಡಿದೆ. 2012ರಲ್ಲಿ ನಾನು ಯು-ಬಾನ್ ಎಂಬ ಮೆಟ್ರೋ ರೈಲಿನಲ್ಲಿ ಸಿಕ್ಕಿಬಿದ್ದದ್ದು ಟಿಕೆಟ್ ಕೊಂಡು, ಅದಕ್ಕೆ ಮುದ್ರೆ ಒತ್ತಿಸದೆ ಹತ್ತಿದ್ದಕ್ಕೆ. ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಪೆಟ್ಟಿಗೆಯ ಬಾಯಿಗೆ ಟಿಕೆಟ್ ತೂರಿಸಿದಾಗ ಟಕ್ ಎಂದು ಸಮಯ ಅಚ್ಚಾಗಬೇಕು. ಅದು ಆಗುವವರೆಗೆ ಆ ಟಿಕೆಟ್ ಬರೀ ಕಾಗದ ಎಂಬುದು ನನಗೆ ಗೊತ್ತಿರಲಿಲ್ಲ. ಆಗಿನ ದರ 40 ಯೂರೋ. ಅನ್ಯಾಯವಾಯಿತೆಂಬ ಸಿಟ್ಟಿನಲ್ಲಿ ಚೀಟಿಯನ್ನು ಕೋಟಿನ ಜೇಬಿಗೆ ತುರುಕಿದೆ. ಮುಂದಿನ ತಿಂಗಳು ಮನೆ ಬದಲಾಯಿಸಿದೆ. ಚೀಟಿಯಲ್ಲಿ ಇದ್ದದ್ದು ಹಳೆಯ ವಿಳಾಸ. ಅಲ್ಲಿ ನಾನು ಇನ್ನೊಬ್ಬರ ಬಾಡಿಗೆ ಕೋಣೆಯಲ್ಲಿ ಉಪಬಾಡಿಗೆಗೆ ಇದ್ದವನು, ಅಂಚೆ ಪೆಟ್ಟಿಗೆಯ ಮೇಲೆ ನನ್ನ ಹೆಸರನ್ನು ಅಂಟುಪಟ್ಟಿಯಲ್ಲಿ ಬರೆದು ಅಂಟಿಸಿದ್ದೆ, ಅದೂ ಕಿತ್ತುಹೋಗಿತ್ತು. ಈ ದೇಶದಲ್ಲಿ ಅಂಚೆಯವರು ಮನೆಯ ಸಂಖ್ಯೆಗಿಂತ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ಜ್ಞಾಪನ ಪತ್ರಗಳು ಎಲ್ಲಿಗೆ ಹೋದವೋ ದೇವರಿಗೇ ಗೊತ್ತು. ಐದು ತಿಂಗಳ ನಂತರ ಒಂದು ಇನ್‌ಕಾಸೊ, ಅಂದರೆ ಸಾಲ ವಸೂಲಿ ಸಂಸ್ಥೆ, ಹೊಸ ವಿಳಾಸವನ್ನು ಹುಡುಕಿ ಪತ್ರ ಕಳುಹಿಸಿತು. ನಲವತ್ತು ಯೂರೋ ಆಗ ನೂರು ದಾಟಿತ್ತು.

ಅದರಿಂದ ನಾನು ಅಪರಾಧಿಯಾಗಲಿಲ್ಲ. ಆದರೆ ಆಕ್ಷೇಪ ಎತ್ತದ ಬಾಕಿಯನ್ನು ಎರಡು ಲಿಖಿತ ಜ್ಞಾಪನೆಗಳ ನಂತರವೂ ಕಟ್ಟದೆ ಹೋದರೆ, ಅದು ಶೂಫಾ ಎಂಬ ಸಾಲದ ವಿಶ್ವಾಸಾರ್ಹತೆಯ ದಾಖಲೆಯನ್ನು ಸೇರಬಹುದು. ಬರ್ಲಿನ್ನಿನಲ್ಲಿ ಮನೆ ಹುಡುಕಿದವರಿಗೆ ಶೂಫಾ ಎಂದರೇನು ಎಂದು ಹೇಳಬೇಕಾಗಿಲ್ಲ. ಮನೆಯ ಮಾಲೀಕರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಹಣ ನಿಭಾಯಿಸುವ ಹುದ್ದೆಗಳಿಗೆ ಕೆಲವು ಬ್ಯಾಂಕುಗಳೂ ಅದನ್ನು ತರಲು ಹೇಳುವುದುಂಟು. ಅಪರಾಧ ದಾಖಲೆಯನ್ನು ಸೇರದ ಚೀಟಿ ಹೀಗೆ ಸುತ್ತು ದಾರಿಯಿಂದ ನಿಮ್ಮ ಬ್ಯಾಂಕಿನ ಮೇಜಿಗೇ ಬರಬಹುದು. ಕಟ್ಟಬೇಡಿ ಎಂದ ನಿಮ್ಮ ಸ್ನೇಹಿತರಿಗೆ ಇದನ್ನು ಓದಿ ಹೇಳಿ.

ಅಂಚೆ ಪೆಟ್ಟಿಗೆಯ ಮಾತು ಬಂದದ್ದರಿಂದ ಹಳದಿ ಲಕೋಟೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರಕರಣ ನ್ಯಾಯಾಲಯದವರೆಗೆ ಹೋದರೆ ವಿಚಾರಣೆಯೇ ಇಲ್ಲದೆ ಶ್ಟ್ರಾಫ್‌ಬೆಫೇಲ್ ಎಂಬ ಲಿಖಿತ ದಂಡಾದೇಶ ಹಳದಿ ಲಕೋಟೆಯಲ್ಲಿ ಬರುತ್ತದೆ; ಅದನ್ನು ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆಯೇ ಬರೆಯುತ್ತಾರೆ. ಆಕ್ಷೇಪಣೆ ಸಲ್ಲಿಸಲು ಆ ದಿನದಿಂದ ಎರಡು ವಾರ ಮಾತ್ರ ಅವಕಾಶ. ನೀವು ಊರಿಗೆ ಹೋಗಿದ್ದಿರಿ, ಪತ್ರ ನೋಡಲಿಲ್ಲ ಎಂದರೂ ಗಡುವು ಓಡುತ್ತಲೇ ಇರುತ್ತದೆ. ಎರಡು ವಾರ ಕಳೆದರೆ ಅದು ತೀರ್ಪಿನಷ್ಟೇ ಗಟ್ಟಿ. ನಿಮ್ಮ ವಿಷಯದಲ್ಲಿ ಅದು ಬರುವುದಿಲ್ಲ. ಆದರೂ ಹಳದಿ ಲಕೋಟೆಯನ್ನು ಜಾಹೀರಾತುಗಳ ರಾಶಿಯಲ್ಲಿ ಬಿಡುವ ಅಭ್ಯಾಸ ಯಾರಿಗೂ ಬೇಡ.

ಈಗ ಮಾಡಬೇಕಾದದ್ದು. ಚೀಟಿಯ ಎರಡೂ ಬದಿಯ ಫೋಟೋ ತೆಗೆದಿಡಿ. ಹಣವನ್ನು ಬ್ಯಾಂಕಿನಿಂದ ವರ್ಗಾಯಿಸುವಾಗ "ಫೆರ್‌ವೆಂಡುಂಗ್ಸ್‌ತ್ಸ್ವೆಕ್" ಎಂಬ ಖಾನೆಯಲ್ಲಿ ಚೀಟಿಯ ಮೇಲಿನ ಕಡತ ಸಂಖ್ಯೆಯನ್ನು ಒಂದಂಕಿಯೂ ತಪ್ಪದಂತೆ ಬರೆಯಿರಿ. ಸಂಖ್ಯೆ ಇಲ್ಲದೆ ಬಂದ 60 ಯೂರೋ ಯಾರದೆಂದು ಅವರಿಗೆ ತಿಳಿಯುವುದಿಲ್ಲ, ಕಟ್ಟಿದವರಿಗೂ ಜ್ಞಾಪನ ಪತ್ರ ಬರುವುದು ಹೀಗೆಯೇ. ವರ್ಗಾವಣೆಯ ರಸೀದಿಯನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಚೀಟಿಯ ಫೋಟೋ ಇರುವಲ್ಲಿಯೇ ಇಡಿ. ನಿಮ್ಮ ಹೆಸರಿನ ತಿಂಗಳ ಪಾಸು ಇದ್ದೂ ಮನೆಯಲ್ಲಿ ಮರೆತಿದ್ದರೆ ಒಂದು ವಾರದೊಳಗೆ ತೋರಿಸಿ 7 ಯೂರೋದಲ್ಲಿ ಮುಗಿಸಬಹುದಿತ್ತು. ತಪ್ಪು ವಲಯಕ್ಕೆ ಆ ಸೌಲಭ್ಯ ಇಲ್ಲ, ಆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ದಿನ ಕಳೆಯಬೇಡಿ.

ನಿಮ್ಮ ಚೀಟಿಯ ಗಡುವು ಬರುವ ಶುಕ್ರವಾರ ಎಂದು ಬರೆದಿದ್ದೀರಿ. ಇಂದೇ ಕಟ್ಟಿಬಿಡಿ. ಮುಂದಿನ ತಿಂಗಳು ತಾಯಿಯನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವಾಗ ಎಬಿಸಿ ಟಿಕೆಟನ್ನು ಇಬ್ಬರಿಗೂ ಕೊಳ್ಳಬೇಕು. ಎಬಿ ಪಾಸು ಅದಾಗಲೇ ಇದ್ದರೆ ಸಿ ವಲಯದ ಸೇರ್ಪಡೆ ಟಿಕೆಟ್ ಮಾತ್ರ ಕೊಂಡರೂ ಸಾಕು, ಯಂತ್ರದಲ್ಲಿ ಅದರ ಹೆಸರು "ಆನ್‌ಶ್ಲುಸ್" ಎಂದು ಆರಂಭವಾಗುತ್ತದೆ.